ಬೀರುವಿನ ಮೇಲಿನ ತೊಗಟೆಬಟ್ಟೆ

ತಗಡಿನ ಮೇಲೆ ಟಕ್, ಟಕ್, ಟಕ್ — ಬಂತು ಮತ್ತೆ ಆ ಬೋಳುತಲೆಯ ದೊಡ್ಡ ಕೊಕ್ಕರೆ, ದಿನಾ ಇದೇ ಹೊತ್ತಿಗೆ ಸ್ಟುಡಿಯೋದ ಮಾಡು ಹತ್ತಿ ತನಿಖೆಗೆ ಬಂದ ಅಧಿಕಾರಿಯ ಹಾಗೆ ಅತ್ತಿಂದಿತ್ತ ನಡೆಯುತ್ತದೆ, ನಡೆಯಲಿ, ನನ್ನ ಕಣ್ಣು ಪರದೆಯ ಮೇಲಿದೆ, ಪರದೆಯಲ್ಲಿ ಆ ಪುಟ್ಟ ವೃತ್ತ ಸುತ್ತುತ್ತಿದೆ, ಸುತ್ತಿ ಸುತ್ತಿ ನಿಂತಿತು, ಅದೇ ಬಿಳಿ ಪುಟ, ಅದೇ ನಯವಾದ ಮಾತು, ಕ್ಷಮಿಸಿ, ಈ ತಾಣದ ಪ್ರೋಟೋಕಾಲ್ ತೀರ ಹಳೆಯದು, ಸುರಕ್ಷಿತವಲ್ಲ, ಸಂಪರ್ಕ ಕೊಡಲಾಗದು — ಹಳೆಯದು ಅಂತ ನನಗೆ ಗೊತ್ತಿಲ್ಲವೇನೇ, ನನಗೆ ಹೇಳಿಕೊಡಲು ಬರುತ್ತೀಯಲ್ಲ, ಅಲ್ಲಿ ಗುಡ್ಡದ ಮೇಲಿನ ಟ್ರಾನ್ಸ್‌ಮಿಟರ್ ಹಳೇ ಕಾಲದ ಹಿರಿಯರ ಹಾಗೆ, ಮಾತಿಗೆ ಮೊದಲು ತನ್ನ ರೀತಿಯಲ್ಲೇ ಯೋಗಕ್ಷೇಮ ಕೇಳುತ್ತದೆ, ಹೇಗಿದ್ದೀರಿ, ಮನೆಯಲ್ಲಿ ಹೇಗಿದ್ದಾರೆ, ಹ್ಞೂ, ಹ್ಞೂ, ಅದಕ್ಕೆ ಗೊತ್ತಿರುವುದು ಅದೊಂದೇ ರೀತಿ, ಈ ಹೊಸ ಬ್ರೌಸರ್ ಮರುಮಾತು ಆಡದೆ ಮುಖ ತಿರುಗಿಸುತ್ತದೆ, ಮರ್ಯಾದೆ ಗೊತ್ತಿಲ್ಲದ್ದು. ಒಂಬತ್ತೂಕಾಲು. ಹನ್ನೆರಡೂವರೆಗೆ ನಮ್ಮ ರೇಡಿಯೋದಲ್ಲಿ ಸಾವಿನ ಸುದ್ದಿಗಳು. ನಿನ್ನೆ ಸಂಜೆ ಸಿಡಿಲು ಬಡಿದು ಟ್ರಾನ್ಸ್‌ಮಿಟರ್ ಹೆದರಿಕೊಂಡಿತು, ಸಾವಿರ ವ್ಯಾಟಿನದು ನಲವತ್ತಕ್ಕೆ ಇಳಿದು ಮುದುಡಿ ಕೂತಿದೆ, ಅದಕ್ಕೆ ಏನೂ ಆಗಿಲ್ಲ, ಎದ್ದೇಳು ಅಂತ ಯಾರಾದರೂ ಹೇಳಬೇಕು ಅಷ್ಟೇ, ಹೇಳುವ ಗುಂಡಿ ಅದರ ಪುಟದಲ್ಲಿದೆ, ಆ ಪುಟವನ್ನೇ ಈ ಬ್ರೌಸರ್ ತೆರೆಯುತ್ತಿಲ್ಲ. ನಲವತ್ತು ವ್ಯಾಟಿಗೆ ನಮ್ಮ ಪೇಟೆ ಕೇಳುತ್ತದೆ, ಪೇಟೆಯ ಆಚೆ ಒಂದು ಬಾಳೆತೋಟ ಕೇಳುತ್ತದೆ, ನಲುಬಾಲೆ ಸರೋವರ ದಾಟಿ ದ್ವೀಪಕ್ಕೆ ಒಂದಕ್ಷರವೂ ಹೋಗುವುದಿಲ್ಲ. ದ್ವೀಪದ ಆಚೆ ತುದಿಯ ಮೀನು ಒಣಗಿಸುವ ಊರು ಕಿಸಂಜೆಯಲ್ಲಿ ನಕಾಟೊ ಇದ್ದಾಳೆ. ಅವಳಪ್ಪ ನಿನ್ನೆ ಸಂಜೆ ತೀರಿಕೊಂಡ. ಇವತ್ತು ನಾಲ್ಕಕ್ಕೆ ಮಣ್ಣು. ಅವಳಿಗೆ ಗೊತ್ತೇ ಇಲ್ಲ.

ಅವಳಪ್ಪ ಅಂತ ಎಷ್ಟು ಸಲೀಸಾಗಿ ಅಂದುಬಿಟ್ಟೆ, ಯಾರೋ ಏನೋ ಎನ್ನುವ ಹಾಗೆ — ಸಾಲೊಂಗೊ ವಾಲುಸಿಂಬಿ, ಅವಳಿ ಮಕ್ಕಳ ತಂದೆಯಾದವನನ್ನು ನಮ್ಮಲ್ಲಿ ಸಾಲೊಂಗೊ ಎಂದೇ ಕರೆಯುವುದು, ಈ ಟ್ರಾನ್ಸ್‌ಮಿಟರನ್ನು ತುಂಡು ತುಂಡಾಗಿ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿದವನು, ನನಗೆ ಕೆಲಸ ಕಲಿಸಿದವನು, ಎರಡು ವರ್ಷದ ಹಿಂದೆ ಮೇನೇಜರ್ ಕಯೊಂಡೊ ಜೊತೆ ಜಗಳ ಆಡಿ ಬಾಗಿಲು ಧಡಾರ್ ಅನ್ನಿಸಿ ಹೋದವನು, ನಾನು ಆಗ ಕಂಪಾಲಾದಲ್ಲಿ ತರಬೇತಿಗೆ ಹೋಗಿದ್ದೆ, ಇದ್ದಿದ್ದರೆ ತಡೆಯುತ್ತಿದ್ದೆನೇ, ಯಾರು ತಡೆಯಬಲ್ಲವರಾಗಿದ್ದರು ಅವನನ್ನು. ನಿನ್ನೆ ರಾತ್ರಿ ಎಂಟು ಗಂಟೆಯ ಸುದ್ದಿಯಲ್ಲಿ ಅವನ ಹೆಸರು ಓದಿದರು, ನಲವತ್ತು ವ್ಯಾಟಿನಲ್ಲಿ, ತನ್ನ ಯಂತ್ರದಿಂದಲೇ ತನ್ನ ಸುದ್ದಿ ಮಗಳಿಗೆ ತಲುಪಲಿಲ್ಲ ಅಂದರೆ ಸತ್ತವನು ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಬೇಕು. ಆ ತುದಿಗೆ ಫೋನು ಸಿಗುವುದಿಲ್ಲ. ಬೆಳಗಿನ ದೋಣಿಯಲ್ಲಿ ಹೇಳಿಕಳಿಸೋಣ ಎಂದರೆ ದೋಣಿ ದ್ವೀಪದ ಈಚೆ ದಡಕ್ಕೆ ಮಾತ್ರ. ಟ್ರಾನ್ಸ್‌ಮಿಟರಿನ ಮೈಮೇಲೂ ಒಂದು ಗುಂಡಿ ಇದೆ, ಒತ್ತಿದರೆ ಸಾಕು, ಆದರೆ ಆ ಗುಂಡಿಗೂ ನನಗೂ ನಡುವೆ ಜೌಗು ತುಂಬಿ ದಾರಿ ಮುಳುಗಿದೆ, ಬಳಸಿಕೊಂಡು ನಡೆದರೆ ಐದು ಗಂಟೆ. ಹೋದ ವಾರದವರೆಗೂ ಈ ತಾಪತ್ರಯ ಇರಲಿಲ್ಲ, ಹಳೇ ಕಂಪ್ಯೂಟರ್ ಇತ್ತು, ನಿಧಾನ, ಆದರೆ ಗುಡ್ಡದ ಜೊತೆ ಮಾತಾಡುತ್ತಿತ್ತು, ಕಯೊಂಡೊ ಅದನ್ನು ಗುಜರಿಗೆ ಕಳಿಸಿ ಇದನ್ನು ತಂದಿಟ್ಟ, ನೋಡು ನಕಿಬೂಲೆ, ಎಷ್ಟು ತೆಳ್ಳಗಿದೆ, ನಿನ್ನ ಹಳೇ ಡಬ್ಬಾ ಹಾಗಲ್ಲ. ತೆಳ್ಳಗಿದೆ, ಹೌದು ಸ್ವಾಮಿ.

ಸರಿ, ಮತ್ತೊಮ್ಮೆ, ನಿಧಾನವಾಗಿ — ಬ್ರೌಸರಿನ ಹೊಟ್ಟೆಯೊಳಗೆ ಒಂದು ಗುಪ್ತ ಪುಟ ಇದೆ, ಅದನ್ನು ತೆರೆದರೆ ಮೊದಲು ಎಚ್ಚರಿಕೆ, ಇಲ್ಲಿ ಕೈಯಾಡಿಸಿದರೆ ಕೆಡುತ್ತದೆ, ಅಪಾಯವನ್ನು ಒಪ್ಪಿಕೊಂಡು ಮುಂದುವರಿಯುತ್ತೀರಾ, ಒಪ್ಪಿದ್ದೇನೆ, ಬೆಳಗಿನಿಂದ ಹನ್ನೊಂದು ಸಲ ಒಪ್ಪಿದ್ದೇನೆ, ನನ್ನ ಮದುವೆಯಲ್ಲೂ ಇಷ್ಟು ಸಲ ಒಪ್ಪಿರಲಿಲ್ಲ — ಸಾಸಿವೆ ಕಾಳಿನ ಹಾಗೆ ನೂರಾರು ಸಾಲು, ನಡುವೆ ಒಂದು ಸಾಲಿನ ಕೊನೆಗೆ ಅಂಕಿ ಮೂರು, ಯಾವ ಕಾಲದವರೆಗಿನ ಹಳೇ ಪ್ರೋಟೋಕಾಲನ್ನು ಒಳಗೆ ಬಿಡಬೇಕು ಅನ್ನುವ ಲೆಕ್ಕ ಅದು, ಮೂರನ್ನು ಒಂದು ಮಾಡಿದೆ, ಮುಚ್ಚಿದೆ, ತೆರೆದೆ, ಇಲ್ಲ, ಒಂದನ್ನು ಸೊನ್ನೆ ಮಾಡಿದೆ, ಸೊನ್ನೆಯನ್ನು ಕಣ್ಣು ಮಿಟುಕಿಸದೆ ಒಪ್ಪಿಕೊಂಡಿತು, ನನಗೂ ಒಂದು ಕ್ಷಣ ಎದೆ ಹಗುರ, ಮತ್ತೆ ವೃತ್ತ ಸುತ್ತಿತು, ಮತ್ತೆ ಬಿಳಿ ಪುಟ. ಕಂಪಾಲಾದಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರಿಗೆ ಫೋನ್ ಮಾಡಿದೆ, ಅವರು ನಕ್ಕರು, ಕೆಟ್ಟ ಮನಸ್ಸಿನ ನಗು ಅಲ್ಲ, ಅಮ್ಮಾ, ಆ ಅಂಕಿ ಹಾಗೇ ಬಿಟ್ಟಿದ್ದಾರೆ ಅಷ್ಟೇ, ಒಳಗಿದ್ದ ಹಳೇ ಸಾಮಾನನ್ನ ಯಾವತ್ತೋ ಕಿತ್ತು ಎಸೆದಿದ್ದಾರೆ, ನೀನು ಗೋಡೆಗೆ ಬರೆದ ಬಾಗಿಲು ತಟ್ಟುತಾ ಇದ್ದೀಯ. ಹಾಗಾದ್ರೆ ಏನ್ ಮಾಡ್ಲಿ ಸಾರ್. ಹಳೇ ಬ್ರೌಸರ್ ಇರೋ ಹಳೇ ಕಂಪ್ಯೂಟರ್ ಎಲ್ಲಾದ್ರೂ ಇದೆಯಾ ನೋಡು. ಗುಜರಿಗೆ ಹೋಯ್ತು ಸಾರ್. ಹೊಸ ಟ್ರಾನ್ಸ್‌ಮಿಟರ್ ತಗೊಳಿ ಹಾಗಾದ್ರೆ. ಹನ್ನೆರಡೂವರೆಯೊಳಗೆ! ನಮ್ಮ ಇಂಟರ್‌ನೆಟ್ ಕೊಂಡಿ ಬೇರೆ ಬಡಕಲು, ಹಳೇ ಬ್ರೌಸರನ್ನು ಇಳಿಸಿಕೊಳ್ಳಲು ಹಚ್ಚಿದ್ದೇನೆ, ನೂರರಲ್ಲಿ ನಾಲ್ಕು ಪಾಲು ಬಂದಿದೆ, ಉಳಿದ ಹೊತ್ತು ಒಂಬತ್ತು ಗಂಟೆ ಎನ್ನುತ್ತದೆ, ಈಗ ಹನ್ನೊಂದು ಎನ್ನುತ್ತದೆ, ಹಿಂದಕ್ಕೆ ಓಡುವ ಗಡಿಯಾರ. ಹಿಂದಿನಿಂದ ನಸ್ಸೂನಾ ಅಮ್ಮ, ಮೂವತ್ತು ವರ್ಷದಿಂದ ಈ ಪ್ರಾಂತ್ಯದ ಸಾವುಗಳನ್ನೆಲ್ಲ ಓದಿದ ಗಂಟಲು, ಅಲ್ವೇ, ನೀನು ಆ ತೆಳ್ಳಂದನ್ನ ಹೀಗೆ ಬೈತಾ ಕೂತ್ರೆ ಅದು ನಾಚ್ಕೊಂಡು ಬಾಗಿಲು ತೆಗೆಯುತ್ತಾ? ಬಿಡಮ್ಮಾ, ಬೈದ್ರೆ ನನಗಾದ್ರೂ ಸಮಾಧಾನ. ಬೈಯಿ ಹಾಗಾದ್ರೆ, ಮಧ್ಯೆ ಒಂಚೂರು ಟೀ ಕುಡಿ, ಬೈಗುಳಕ್ಕೆ ಶಕ್ತಿ ಬರ್ಲಿ.

ಆ ಗಂಟಲು — ಕಿಸಂಜೆಯ ಮಾವಿನಮರಕ್ಕೆ ದೋಣಿ ಇಂಜಿನ್ ರಿಪೇರಿಯವನು ರೇಡಿಯೋ ನೇತುಹಾಕುತ್ತಿದ್ದ, ನಾನು ಬಿಸಿಲಲ್ಲಿ ಬಲೆಯ ಮೇಲೆ ಮುಕೆನೆ ಹರಡುತ್ತಿದ್ದೆ, ಬೆರಳುದ್ದದ ಬೆಳ್ಳಿಮೀನು, ಹರಡಿ ಹರಡಿ ಮೊಣಕೈವರೆಗೆ ಹೊಳಪು ಅಂಟಿ ತೊಳೆದರೂ ಹೋಗುವುದಿಲ್ಲ, ಈ ಮಾತಿಗೆ ಹದಿನಾರು ವರ್ಷ ಆಯಿತು, ಆವತ್ತು ನಡುವೆ ಹಾಡು ನಿಂತಿತು, ಈ ಗಂಟಲು ಬಂತು, ಯಾವ ಅವಸರವೂ ಇಲ್ಲದೆ ಒಂದೊಂದೇ ಹೆಸರು, ಸತ್ತವರ ಹೆಸರು, ಊರು, ಮಣ್ಣು ಮಾಡುವ ಹೊತ್ತು, ಆಮೇಲೆ ಯಾರ್ಯಾರಿಗೆ ತಿಳಿಯಬೇಕೋ ಅವರ ಹೆಸರು, ಕಿಸಂಜೆಯಲ್ಲಿರುವ ನಕಿಬೂಲೆಗೆ, ನಿನ್ನ ತಾಯಿ — ಬಲೆಯ ಮೇಲೆ ಮೀನು ಹಾಗೇ ಇತ್ತು, ಬಿಸಿಲು ಹಾಗೇ ಇತ್ತು, ನಾನು ಓಡುತ್ತಿದ್ದೆ, ದೋಣಿಯವನು ಏನೂ ಕೇಳದೆ ಹತ್ತಿಸಿಕೊಂಡ, ಅವನೂ ಕೇಳಿಸಿಕೊಂಡಿದ್ದ, ಎಲ್ಲರೂ ಕೇಳಿಸಿಕೊಂಡಿದ್ದರು. ಮನೆ ಮುಟ್ಟುವ ಹೊತ್ತಿಗೆ ಅಮ್ಮನಿಗೆ ತೊಗಟೆಬಟ್ಟೆ ಸುತ್ತುತ್ತಿದ್ದರು, ಮಕ್ಕಳು ಒಬ್ಬೊಬ್ಬರೇ ಒಂದೊಂದು ಬಟ್ಟೆ ಹೊದಿಸಬೇಕು, ಮರದ ತೊಗಟೆಯನ್ನು ಬಡಿದು ಬಡಿದು ಮೆತ್ತಗೆ ಮಾಡಿದ ಆ ಕೆಮ್ಮಣ್ಣಿನ ಬಣ್ಣದ ಬಟ್ಟೆ, ಹೊದಿಸದ ಮಗಳು ಬದುಕಿಡೀ ಏನೋ ಮರೆತು ಬಂದವಳ ಹಾಗೆ ತಿರುಗುತ್ತಾಳೆ, ನಾನು ಹೊದಿಸಿದೆ, ಅಂಗೈ ಒತ್ತಿ ಸಾಪು ಮಾಡಿದೆ, ಕೈ ತೆಗೆದಾಗ ಐದು ಬೆರಳು ಬಟ್ಟೆಯ ಮೇಲೆ ಬೆಳ್ಳಿಯಾಗಿ ಉಳಿದಿದ್ದವು. ತಿಂಗಳಾದ ಮೇಲೆ ಒಂದು ಬಾಳೆಗೊನೆ ಹೊತ್ತುಕೊಂಡು ಇಲ್ಲಿಗೆ ಬಂದೆ, ಓದಿದವರಿಗೆ ಉಪಕಾರ ಹೇಳಬೇಕಿತ್ತು, ನಸ್ಸೂನಾ ಅಮ್ಮ ಗೊನೆ ತಗೊಂಡು, ನಾನು ಬರೀ ಓದಿದ್ದು ಕಣೇ, ಸರೋವರ ದಾಟಿಸಿದ್ದು ಹಿಂದಿನ ಕೋಣೆಯಲ್ಲಿ ಇದ್ದಾನೆ, ಅವನಿಗೆ ಹೇಳು ಅಂದಳು, ಹಿಂದಿನ ಕೋಣೆಯಲ್ಲಿ ಸಾಲೊಂಗೊ ಮೇಜಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು, ನಾನು ಆ ಕಾಲಿಗೇ ಮಂಡಿಯೂರಿ ಎಲ್ಲ ಹೇಳಿದೆ, ಅಮ್ಮ, ದೋಣಿ, ಬಟ್ಟೆ, ಅಳುತ್ತಾ ಹೇಳಿದೆ, ಕೆಳಗಿನಿಂದ ಒಂದು ಕೈ ಹೊರಗೆ ಬಂತು, ಉಪಕಾರ ಗಿಪಕಾರ ಆಮೇಲೆ, ಈ ವೈರ್ ಹಿಡ್ಕೋ, ಬಿಡಬೇಡ. ಹಿಡಿದುಕೊಂಡೆ. ಇವತ್ತಿನವರೆಗೂ ಹಿಡಿದೇ ಇದ್ದೇನೆ ಸಾಲೊಂಗೊ, ಇವತ್ತು ಕೈ ಜಾರುತ್ತಿದೆ.

ಬೈಕ್ ನಿಂತ ಸದ್ದು, ವಾಸ್ವ ಬಂದ, ನಕಾಟೊ ಜೊತೆ ಹುಟ್ಟಿದವನು, ಕಣ್ಣು ಊದಿದೆ, ಅಂಗಿ ತಿರುವುಮುರುವು. ಸಿಕ್ತಾ ಅಕ್ಕ? ಇಲ್ಲಪ್ಪ, ಇನ್ನೂ ಇಲ್ಲ. ಅವಳು ಬರ್ದೆ ಹೆಂಗಕ್ಕ ಮುಚ್ಚೋದು ಅಪ್ಪನ್ನ? ಸೆಂಗಾ ಅಂತಾಳೆ ನಾಲ್ಕು ಅಂದ್ರೆ ನಾಲ್ಕೇ ಅಂತ — ಸೆಂಗಾ ಎಂದರೆ ಅವನ ಸೋದರತ್ತೆ, ಸಾಲೊಂಗೊನ ಅಕ್ಕ, ಆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ಮೇನೇಜರ್ ಫೋನ್ ಮಾಡಿದ್ರು, ಅಪ್ಪಂದು ಬಟ್ಟೆ ಇಲ್ಲಿದೆಯಂತಲ್ಲ, ತಗೊಂಡ್ ಹೋಗು ಅಂದ್ರು. ಹೌದು, ಇದೆ. ಬೀರುವಿನ ಮೇಲೆ. ಅದನ್ನು ನೋಡದೆ ಈ ಕೋಣೆಯಲ್ಲಿ ನಾನು ಒಂದು ದಿನವೂ ಕೂತಿಲ್ಲ, ಬಾಳೆನಾರಿನಿಂದ ಬಿಗಿದು ಕಟ್ಟಿದ ತೊಗಟೆಬಟ್ಟೆಯ ಗಂಟು, ತನ್ನ ಸಾವಿಗೆ ತಾನೇ ಕೊಂಡಿಟ್ಟುಕೊಂಡ ಬಟ್ಟೆ ಅಂತ ನಮಗೆಲ್ಲ ಗೊತ್ತಿತ್ತು, ಯಾರು ಹೇಳಿದ್ದು, ಯಾರೂ ಹೇಳಲಿಲ್ಲ, ಮುದುಕನೊಬ್ಬ ಬೀರುವಿನ ಮೇಲೆ ಇನ್ನೇನು ಕಟ್ಟಿಡುತ್ತಾನೆ. ಕೆಲಸ ಬಿಟ್ಟು ಹೋಗುವಾಗ ಮರೆತು ಹೋದ ಅಂದುಕೊಂಡೆವು. ಕೊಟ್ಟು ಬರುವವರು ಯಾರು? ಬದುಕಿರುವ ಮನುಷ್ಯನ ಕೈಗೆ ಅವನ ಸಾವಿನ ಬಟ್ಟೆ ಇಟ್ಟು, ತಗೊಳಿ, ನಿಮಗೆ ಬೇಕಾಗಬಹುದು ಅಂತ ಯಾವ ಬಾಯಿಂದ ಹೇಳುವುದು! ಕಯೊಂಡೊ ಹೋದ ವಾರ ಈ ಕೋಣೆಯಿಂದ ಕುರ್ಚಿ, ಟೇಪು, ಕಂಪ್ಯೂಟರ್ ಎಲ್ಲ ಗುಜರಿಗೆ ಹಾಕಿದ, ಗುಡಿಸುವವಳ ಪೊರಕೆ ಕೂಡ ಉಳಿಯಲಿಲ್ಲ, ಆ ಗಂಟಿನ ಹತ್ತಿರ ಬಂದಾಗ ಮಾತ್ರ ಕೈ ಹಿಂದೆ ಕಟ್ಟಿಕೊಂಡು, ಅದು ಇರ್ಲಿ ಬಿಡಿ ಅಂದ. ತಿಂಗಳಿಗೊಮ್ಮೆ ಸಾಲೊಂಗೊನನ್ನು ನೋಡಲು ಹೋಗುತ್ತಿದ್ದೆ, ಪ್ರತಿ ಸಲವೂ ಅವನದು ಒಂದೇ ಪ್ರಶ್ನೆ, ಬೀರು ಹಾಗೇ ಇದೆಯಾ? ಇದೆ ಸಾಲೊಂಗೊ. ಅದರ ಮೇಲಿರೋದು? ನಾನು ಲೋಟ ಮುಂದೆ ತಳ್ಳುತ್ತಿದ್ದೆ, ಟೀ ಆರ್ತಾ ಇದೆ ಸಾಲೊಂಗೊ, ಕುಡೀರಿ. ಅದನ್ನ ಇಳಿಸ್ಕೊಂಡು ನೋಡಿದ್ಯಾ ಅಂದೆ ಕಣೇ. ಅಯ್ಯೋ ಈಗ್ಯಾಕೆ ಆ ಮಾತು, ನೀವು ನೂರು ವರ್ಷ ಇರ್ತೀರಿ. ಅವನು ನನ್ನನ್ನು ದುರುಗುಟ್ಟಿ ನೋಡಿ, ತಲೆ ಕೆಟ್ಟಿದೆ ನಿನಗೆ ಎಂದು ಟೀ ಕುಡಿಯುತ್ತಿದ್ದ. ಎರಡು ವರ್ಷ ಹೀಗೇ. ಈಗ ಸ್ಟೂಲು ಹಾಕಿಕೊಂಡು ಹತ್ತಿದೆ, ಎರಡು ಕೈಯಲ್ಲೂ ಹಿಡಿದೆ — ಭಾರ. ಬಟ್ಟೆಗೆ ಇಷ್ಟು ಭಾರ ಇರುವುದಿಲ್ಲ. ಏನಕ್ಕ? ತಡಿ ವಾಸ್ವ, ಹಿಡ್ಕೋ ಆ ಕಡೆ. ಬಾಳೆನಾರು ಒಣಗಿ ಮುಟ್ಟಿದರೆ ಪುಡಿ, ಒಂದು ಸುತ್ತು ಬಿಚ್ಚಿದೆ, ಇನ್ನೊಂದು, ಹೊಗೆಯ ವಾಸನೆ, ಮರದ ವಾಸನೆ, ಕೆಮ್ಮಣ್ಣಿನ ಬಣ್ಣದ ಒಳಗಿನಿಂದ ಒಂದು ಕಪ್ಪು ಮೂಲೆ.

ಲ್ಯಾಪ್‌ಟಾಪು. ಇಟ್ಟಿಗೆಯಷ್ಟು ದಪ್ಪ, ಅವನು ಗುಡ್ಡಕ್ಕೆ ಹೊತ್ತೊಯ್ಯುತ್ತಿದ್ದದ್ದು, ಮೇಲೆ ಸುತ್ತಿಟ್ಟ ಚಾರ್ಜರು, ನೆಟ್‌ವರ್ಕ್ ತಂತಿ, ಒಂದು ಚೀಟಿ, ಅವನ ಆ ಇರುವೆ ಸಾಲಿನ ಅಕ್ಷರ — ನಕಿಬೂಲೆಗೆ. ಇದಕ್ಕೆ ಹೊಸದೇನನ್ನೂ ಕಲಿಸಬೇಡ. ಹೊರಗಿನ ಇಂಟರ್‌ನೆಟ್‌ಗೆ ಜೋಡಿಸಬೇಡ, ಗುಡ್ಡದ ಜೊತೆ ಮಾತ್ರ ಮಾತಾಡಲಿ. ಬಟ್ಟೆ ಯಾಕೆ ಅಂದರೆ, ನಮ್ಮ ಜನ ಮುಟ್ಟದೆ ಬಿಡುವ ವಸ್ತು ಇದೊಂದೇ. — ನಗು ಬಂತೋ ಅಳು ಬಂತೋ, ಮೂಗಿನಿಂದ ಎರಡೂ ಒಟ್ಟಿಗೆ ಬಂದವು, ಅಯ್ಯೋ ಮುದುಕಾ, ನಾನೂ ನಿಮ್ಮ ಜನವೇ ಅಂತ ಮರೆತಿರಲ್ಲ, ಕಯೊಂಡೊ ಮುಟ್ಟಬಾರದು ಅಂತ ಕಟ್ಟಿದಿರಿ, ನಾನೂ ಮುಟ್ಟಲಿಲ್ಲ, ಬಾಯಿಬಿಟ್ಟು ಹೇಳೋಣ ಎಂದರೆ ನಾನು ಟೀ ಕುಡಿಸಿದೆ. ಕಂಪ್ಯೂಟರಾ, ಅಂದ ವಾಸ್ವ, ಬಟ್ಟೆಯ ತುದಿ ಹಿಡಿದುಕೊಂಡೇ ನಿಂತಿದ್ದ, ಇದನ್ನ ಸುತ್ತಿದ ಬಟ್ಟೆನಾ ಅಪ್ಪಂಗೆ ಹೊದ್ಸೋದಾ, ಸೆಂಗಾ ನನ್ನ ಚರ್ಮ ಸುಲೀತಾಳೆ, ನಮ್ಮನೇಲಿ ಬೇರೆ ಇದೆ, ಇದು ನಿಮ್ಮ ಹತ್ರಾನೇ ಇರ್ಲಿ. ಇರಲಿ ಅಂದೆ, ಮಡಿಸಿ ನನ್ನ ಚೀಲಕ್ಕೆ ಹಾಕಿದೆ. ಹನ್ನೊಂದೂ ಮುಕ್ಕಾಲು. ಚಾರ್ಜರ್ ಹಾಕಿದೆ, ಏನೂ ಇಲ್ಲ, ಏನೂ ಇಲ್ಲ, ಒಂದು ಸಣ್ಣ ಹಸಿರು ಕಣ್ಣು, ಆಮೇಲೆ ಹಳೇ ಫ್ಯಾನು ಕೆಮ್ಮಿ ಕೆಮ್ಮಿ ಎದ್ದಿತು, ಒಳಗಿನ ಗಡಿಯಾರ ಯಾವುದೋ ಹಳೇ ಜನವರಿಯಲ್ಲಿ ನಿಂತಿದೆ, ನಿಂತಿರಲಿ ಕಂದಾ, ನಿನಗೆ ಯಾವ ಹೊಸ ವರ್ಷವೂ ಬೇಡ, ತಂತಿ ಸಿಕ್ಕಿಸಿದೆ, ಬ್ರೌಸರ್ ತೆರೆದೆ, ಗುಡ್ಡದ ವಿಳಾಸ ಬೆರಳಿಗೇ ಗೊತ್ತು, ವೃತ್ತ ಅಲ್ಲ, ಇದರಲ್ಲಿ ಮರಳುಗಡಿಯಾರ, ಒಮ್ಮೆ ತಿರುಗಿತು, ಇನ್ನೊಮ್ಮೆ, ಹೇಗಿದ್ದೀರಿ, ಹ್ಞೂ, ಮನೆಯಲ್ಲಿ ಹೇಗಿದ್ದಾರೆ, ಹ್ಞೂ, ಮಾತಾಡಿಕೊಳ್ಳಿ, ಇಬ್ಬರೂ ಮಾತಾಡಿಕೊಳ್ಳಿ — ಹಳದಿ ಪುಟ ಬಂತು. ಅಂದವಿಲ್ಲದ, ಅಂಕುಡೊಂಕಿನ, ನನ್ನ ಬಂಗಾರದಂಥ ಹಳದಿ ಪುಟ. ಶಕ್ತಿ ನಲವತ್ತು, ಅಂಚಿನಲ್ಲಿ ಕೆಂಪು. ಗುಂಡಿ ಒತ್ತಿದೆ. ನಲವತ್ತು, ನಲವತ್ತು, ಇನ್ನೂರ ಹತ್ತು, ಆರುನೂರು, ಒಂಬೈನೂರ ಎಂಬತ್ತು, ಸಾವಿರ. ನಸ್ಸೂನಾ ಅಮ್ಮಾ! ಕೂಗಬೇಡ್ವೇ, ಕಿವಿ ಕೇಳುತ್ತೆ ನನಗೆ, ಅವಳು ಆಗಲೇ ಕನ್ನಡಕ ಹಾಕಿಕೊಂಡು ಒಳಗೆ ಕೂತಿದ್ದಳು, ಮೈಕಿನ ಮುಂದೆ ಕಾಗದ ನೆಟ್ಟಗೆ ಮಾಡಿಕೊಳ್ಳುತ್ತಾ. ಹನ್ನೆರಡೂವರೆ. ಸಾಲೊಂಗೊ ವಾಲುಸಿಂಬಿ ನಿನ್ನೆ ತೀರಿಕೊಂಡಿದ್ದಾರೆ, ಇಂದು ನಾಲ್ಕು ಗಂಟೆಗೆ ಮಣ್ಣು, ಕಿಸಂಜೆಯಲ್ಲಿರುವ ನಕಾಟೊಗೆ, ನಿನ್ನ ತಂದೆ — ಅಲ್ಲಿ ಮೊದಲ ಸಲ ಆ ಗಂಟಲು ನಿಂತಿತು, ಮೂವತ್ತು ವರ್ಷದಲ್ಲಿ ಮೊದಲ ಸಲ, ಆಮೇಲೆ ಕಾಗದದಲ್ಲಿ ಬರೆಯದೆ ಇದ್ದದ್ದನ್ನು ಓದಿತು, ಓಡಿ ಬಾ ಮಗಳೇ, ದೋಣಿಯವರೇ, ಅವಳನ್ನ ಹತ್ತಿಸ್ಕೊಳಿ. ಮೂರು ಸಲ ಓದಿದಳು. ನಾನು ಆ ದಪ್ಪ ಲ್ಯಾಪ್‌ಟಾಪಿನ ಬೆಚ್ಚಗಿನ ಬೆನ್ನ ಮೇಲೆ ಕೈ ಇಟ್ಟು ಕೂತಿದ್ದೆ, ದೇವರೇ ಇದನ್ನು ಯಾರೂ ಮುಟ್ಟದ ಹಾಗೆ ಮಾಡಿದೆಯಲ್ಲ ಅಂತ, ಕಯೊಂಡೊನ ಹೆದರಿಕೆಗೂ ಒಂದು ನಮಸ್ಕಾರ, ಬಾಳೆನಾರಿಗೂ ಒಂದು.

ಕೇಳಿಸಿತೋ ಇಲ್ಲವೋ. ಅದು ಯಾವ ಪುಟದಲ್ಲೂ ಬರುವುದಿಲ್ಲ. ಮೂರೂವರೆ, ಸಾಲೊಂಗೊನ ಮನೆಯ ಮುಂದಿನ ಕೋಣೆ, ನೆಲಕ್ಕೆ ಒಣಹುಲ್ಲು ಹಾಸಿದ್ದಾರೆ, ಹೆಂಗಸರ ನಡುವೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ, ಅಂಗಳದಿಂದ ಕಯೊಂಡೊನ ಕೆಮ್ಮು, ಬಾಳೆಕಾಯಿ ಬೇಯುವ ವಾಸನೆ, ಸಾಲೊಂಗೊನ ಮುಖ ಬೈಯಲು ಹೊರಟು ತಡೆದುಕೊಂಡವನ ಹಾಗಿದೆ, ಸುತ್ತುತ್ತಿದ್ದಾರೆ, ವಾಸ್ವನ ಬಟ್ಟೆ ಆಯಿತು, ತಮ್ಮಂದಿರದಾಯಿತು, ಸೆಂಗಾ ಕೊನೆಯ ಮಡಿಕೆ ಹಾಕಬೇಕು, ಹಾಕುವುದಿಲ್ಲ, ಅಂಚು ಎಳೆಯುತ್ತಾಳೆ, ಸರಿಮಾಡುತ್ತಾಳೆ, ಮತ್ತೆ ಎಳೆಯುತ್ತಾಳೆ, ನಾಲ್ಕು ಅಂದರೆ ನಾಲ್ಕೇ ಅಂದವಳು, ಬಾಗಿಲ ಕಡೆ ನೋಡದ ಹಾಗೆ ನೋಡುತ್ತಾಳೆ. ಜಿಗಣೆ ಹಾಗೆ ಹೊತ್ತು. ನಾಲ್ಕಕ್ಕೆ ಐದು. ಸೆಂಗಾ, ಇನ್ನು ಎತ್ತೋಣ್ವಾ ಅಂತ ಗಂಡಸರ ದನಿ, ತಡೀರೋ, ಹೆಣಕ್ಕೇನು ಬಸ್ ತಪ್ಪುತ್ತಾ — ಮತ್ತು ಆಗ ಬೈಕಿನ ಸದ್ದು, ಬಾಳೆತೋಟದ ಆಚೆ, ಹತ್ತಿರ, ಇನ್ನೂ ಹತ್ತಿರ, ಯಾರೋ ಇಳಿದರು, ಬರಿಗಾಲು ಓಡುವ ಸದ್ದು, ಬಾಗಿಲಲ್ಲಿ ನಕಾಟೊ, ಕೂದಲೆಲ್ಲ ಸರೋವರದ ಗಾಳಿ, ಸೊಂಟದ ಬಟ್ಟೆ ಮೊಣಕಾಲವರೆಗೆ ಒದ್ದೆ. ಸೆಂಗಾ ತಲೆ ಎತ್ತಿದಳು, ಬಂದ್ಯಾ, ಬಾ, ನಿನ್ನ ಬಟ್ಟೆ ಎಲ್ಲಿ? ನಕಾಟೊ ತನ್ನ ಎರಡು ಕೈ ನೋಡಿಕೊಂಡಳು, ಬರಿಗೈ, ಬಲೆ ಬಿಟ್ಟು ಹಾಗೇ ಓಡಿ ಬಂದಿದ್ದಾಳೆ, ಯಾರು ತಾನೇ ಮೀನಿನ ಬಲೆಯ ಹತ್ತಿರ ತೊಗಟೆಬಟ್ಟೆ ಇಟ್ಟುಕೊಂಡಿರುತ್ತಾರೆ, ಅಮ್ಮ ಸತ್ತ ದಿನ ನಾನು ಇಟ್ಟುಕೊಂಡಿದ್ದೆನೇ, ನನಗೆ ನನ್ನ ಅಣ್ಣ ಕೊಟ್ಟಿದ್ದ. ನನ್ನ ಕೈ ಚೀಲದೊಳಗೆ ಹೋಗಿದೆ. ಇಲ್ಲಿದೆ ಸೆಂಗಾ. ಇದೆಲ್ಲಿಂದು? ವಾಸ್ವ ನನ್ನನ್ನು ನೋಡಿದ, ಆಮೇಲೆ ಅವನೇ ಅಂದ, ಅಪ್ಪಾನೇ ಕಟ್ಟಿ ಇಟ್ಟಿದ್ದು ಸೆಂಗಾ. ಸೆಂಗಾ ಮುಟ್ಟಿ ನೋಡಿದಳು, ಮೂಸಿದಳು, ಒಳ್ಳೇ ಬಟ್ಟೆ, ಹಾಕು ಮಗಾ. ನಕಾಟೊ ಬಿಡಿಸುತ್ತಾಳೆ, ಮಡಿಕೆಯ ಗೆರೆಗಳಲ್ಲಿ ಲ್ಯಾಪ್‌ಟಾಪಿನ ಚೌಕ ಇನ್ನೂ ಇದೆ, ನನಗೆ ಮಾತ್ರ ಕಾಣುತ್ತದೆ, ಹೊದಿಸುತ್ತಾಳೆ, ಆ ಚೌಕ ಸರಿಯಾಗಿ ಅವನ ಎದೆಯ ಮೇಲೆ, ಮೇಜಿನ ಮೇಲೆ ಅದು ಬೆತ್ತಲೆ ಕೂತಿದೆ ಸಾಲೊಂಗೊ, ನಾಳೆ ಅದಕ್ಕೆ ಬೇರೊಂದು ಬಟ್ಟೆ ತರುತ್ತೇನೆ, ಹೊಸದೇನನ್ನೂ ಕಲಿಸುವುದಿಲ್ಲ, ನೀವು ಹಿಡಿಸಿದ ವೈರು ಬಿಡುವುದಿಲ್ಲ, ಆವತ್ತು ಮೇಜಿನ ಕೆಳಗೆ ನಿಮ್ಮ ಕಾಲಿಗೆ ಹೇಳಿದ್ದನ್ನು ಈಗ ಮುಖಕ್ಕೆ ಹೇಳೋಣ ಎಂದರೆ ಮುಖ ಮುಚ್ಚಿಬಿಟ್ಟರು, ಉಪಕಾರ, ಬಹಳ ಉಪಕಾರ — ನಕಾಟೊ ಅಂಗೈ ಒತ್ತಿ ಸಾಪು ಮಾಡುತ್ತಾಳೆ, ಒತ್ತಿದ್ದಾಳೆ, ಕೈ ತೆಗೆದಳು. ಕೆಮ್ಮಣ್ಣಿನ ಬಣ್ಣ. ಐದು ಬೆರಳು. ಬೆಳ್ಳಿ.